ಟರ್ಬೊ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್: ಹಾಕಿಸುವುದೋ, ಬಿಡುವುದೋ?

ಕಾರವಾರದ ನಮ್ಮ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಒಂದು ಉಪ್ಪಿನಕಾಯಿ ಬಾಟಲಿ ಇದೆ. ಒಳಗಿರುವುದು ಅಪ್ಪೆಮಿಡಿಯಲ್ಲ, ಕಳೆದ ಜುಲೈಯಲ್ಲಿ ನನ್ನ ಕಾರಿನ ಕ್ಯಾಚ್ ಕ್ಯಾನಿನಿಂದ ಬಸಿದ ದ್ರವ. ಎಂಜಿನ್ನಿನೊಳಗೆ ಸುತ್ತುವ ಅನಿಲದಿಂದ ಎಣ್ಣೆಯ ಮಂಜನ್ನು ಹಿಡಿದಿಡಲು ಬಾನೆಟ್ಟಿನೊಳಗೆ ಜೋಡಿಸುವ ಡಬ್ಬಿಯೇ ಈ ಕ್ಯಾನು. ಬಸಿಯುವಾಗ ಅದಕ್ಕೆ ಹಾಲು ಹೆಚ್ಚಾದ ಚಹಾದ ಬಣ್ಣವಿತ್ತು, ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಪಕ್ಕದ ಮನೆಯ ಅಣ್ಣ ನೋಡಿ, "ಇಷ್ಟೆಲ್ಲ ಎಣ್ಣೆ ಎಂಜಿನ್ ಒಳಗೆ ಹೋಗುತ್ತಿತ್ತೇ?" ಎಂದು ಗಾಬರಿಯಾದರು. ಅಲ್ಲಾಡಿಸದೆ ನಾಲ್ಕು ದಿನ ಇಟ್ಟೆ. ಅಡಿಯಲ್ಲಿ ಮಬ್ಬು ನೀರು ಮೂರು ಬೆರಳಿನಷ್ಟು, ಅದರ ಮೇಲೆ ಒಡೆದ ಬೆಣ್ಣೆಯಂಥ ಒಂದು ಪದರ, ಎಲ್ಲಕ್ಕಿಂತ ಮೇಲೆ ಕಪ್ಪನೆಯ ಎಣ್ಣೆ ಒಂದೇ ಬೆರಳು. ಏಪ್ರಿಲಿನಲ್ಲಿ ಬಸಿದದ್ದು ಇದರ ಕಾಲು ಭಾಗವೂ ಇರಲಿಲ್ಲ, ಆದರೆ ಅದು ಬಹುಪಾಲು ಎಣ್ಣೆಯೇ ಆಗಿತ್ತು.

ಕ್ಯಾಚ್ ಕ್ಯಾನ್ ಮಾರುವವರು ಮೊದಲು ತೋರಿಸುವುದೂ ಇಂಥ ತುಂಬಿದ ಬಾಟಲಿಯನ್ನೇ. ಡಬ್ಬಿ ತುಂಬಿತು ಎಂದರೆ ಡಬ್ಬಿ ಏನನ್ನೋ ಹಿಡಿಯಿತು ಎಂದು ಅರ್ಥ, ಅಷ್ಟೇ. ಅದರಲ್ಲಿ ಎಣ್ಣೆ ಎಷ್ಟು, ನೀರು ಎಷ್ಟು, ಅದು ಒಳಗೆ ಹೋಗಿದ್ದರೆ ನಿಮ್ಮ ಎಂಜಿನ್ನಿಗೆ ಕೇಡಾಗುತ್ತಿತ್ತೇ ಎಂಬುದನ್ನು ಬಾಟಲಿ ಹೇಳುವುದಿಲ್ಲ. ಅದನ್ನು ಎಂಜಿನ್ ನೋಡಿಯೇ ಹೇಳಬೇಕು.

ನಮ್ಮ ಕುಟುಂಬದಲ್ಲಿ ಮೂರು ಟರ್ಬೊ ಕಾರುಗಳಿವೆ. ನನ್ನದು ಒಂದು ಲೀಟರಿನ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್, ಅಂದರೆ ಇಂಧನ ನೇರವಾಗಿ ಸಿಲಿಂಡರಿಗೇ ಚಿಮ್ಮುವ ಬಗೆ. ಕುಮಟಾದಲ್ಲಿರುವ ತಮ್ಮನದು ಪೋರ್ಟ್ ಇಂಜೆಕ್ಷನ್ ಪೆಟ್ರೋಲ್, ಅಲ್ಲಿ ಇಂಧನ ಸಿಲಿಂಡರಿನ ಹೊರಗೆ, ಗಾಳಿಯ ದಾರಿಯಲ್ಲೇ ಚಿಮ್ಮುತ್ತದೆ. ಶಿರಸಿಯ ಭಾವನವರದು ಹತ್ತು ವರ್ಷ ದಾಟಿದ 1.3 ಲೀಟರ್ ಡೀಸೆಲ್. ಮೂವರೂ ಒಂದೇ ಪ್ರಶ್ನೆ ಕೇಳಿಕೊಂಡೆವು, ಉತ್ತರವೂ ಅದರ ಕಾರಣವೂ ಮೂವರಿಗೂ ಒಂದೇ ಆಗಲಿಲ್ಲ.

ಘಟ್ಟ ಹತ್ತುವಾಗ ಒಂದು ಪೈಪು, ಇಳಿಯುವಾಗ ಇನ್ನೊಂದು

ಪಿಸ್ಟನ್ ರಿಂಗ್ ಎಷ್ಟೇ ಬಿಗಿಯಾಗಿದ್ದರೂ ಉರಿದ ಅನಿಲದ ಸಣ್ಣ ಪಾಲು ಅದರ ಪಕ್ಕದಿಂದ ನುಸುಳಿ ಕೆಳಗೆ ಆಯಿಲ್ ಚೇಂಬರಿನ ಕಡೆಗೆ ಇಳಿಯುತ್ತದೆ. ಇದನ್ನು ಬ್ಲೋ-ಬೈ ಎನ್ನುತ್ತಾರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಸಿಲಿಂಡರಿನಲ್ಲಿ ಒತ್ತಡ ಹೆಚ್ಚು, ನುಸುಳುವುದೂ ಹೆಚ್ಚು. ಈ ಅನಿಲ ಕ್ರ್ಯಾಂಕ್ ಎರಚಿದ ಎಣ್ಣೆಯ ಮಂಜನ್ನು, ಉರಿಯದ ಪೆಟ್ರೋಲನ್ನು, ನೀರಾವಿಯನ್ನು ಒಟ್ಟಿಗೆ ಹೊತ್ತುಕೊಳ್ಳುತ್ತದೆ. ಎಂಜಿನ್ ಒಳಗೆ ನೀರು ಎಲ್ಲಿಂದ ಬಂತು ಎಂದು ಭಾವ ಕೇಳಿದ್ದರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ರಿಂಗಿನ ಪಕ್ಕ ನುಸುಳಿದ್ದು ಒಳಗೇ ಸುತ್ತುತ್ತದೆ.

ಹಿಂದೆ ಈ ಹೊಗೆಯನ್ನು ಒಂದು ಕೊಳವೆಯಿಂದ ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಹಳೆಯ ಲಾರಿಗಳು ನಿಂತ ಜಾಗದಲ್ಲಿ ಬ್ರೀದರ್ ಪೈಪಿನಿಂದ ತೊಟ್ಟಿಕ್ಕಿದ ಕಪ್ಪು ಕಲೆಯನ್ನು ನೋಡದವರು ಯಾರು? 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಮಂಜಿನ ಕಾಟ ಮಿತಿಮೀರಿದಾಗ, ಹೊರಗೆ ಬಿಡುವ ಬದಲು ಮತ್ತೆ ಎಂಜಿನ್ನಿಗೇ ಎಳೆದು ಸುಡುವ ಪಿಸಿವಿ ವಾಲ್ವ್ ಕಾರುಗಳಿಗೆ ಬಂತು. ಇಂದಿನ ಕಾರುಗಳಲ್ಲೂ ನಡೆಯುವುದು ಅದೇ.

ಟರ್ಬೊ ಕಾರಿನಲ್ಲಿ ಮಾತ್ರ ಇದಕ್ಕೆ ಎರಡು ದಾರಿ ಬೇಕು. ದೇವಿಮನೆ ಘಟ್ಟವನ್ನೇ ನೆನೆಸಿಕೊಳ್ಳಿ. ಕುಮಟಾದಿಂದ ಶಿರಸಿಯ ಕಡೆಗೆ ಹತ್ತುವಾಗ ಟರ್ಬೊ ಗಾಳಿಯನ್ನು ಒತ್ತುತ್ತಿರುತ್ತದೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಒತ್ತಡ ತುಂಬಿರುತ್ತದೆ, ಪಿಸಿವಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ಆಗ ಎಣ್ಣೆ ಮಂಜು ಎಂಜಿನ್ನಿನ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನಿಂದ ಹೊರಟ ಇನ್ನೊಂದು ಬ್ರೀದರ್ ಪೈಪಿನ ಮೂಲಕ ಟರ್ಬೊದ ಬಾಯಿಗೆ ಹೋಗಿ ಅಲ್ಲಿಂದ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸೇರುತ್ತದೆ. ಮರಳಿ ಇಳಿಯುವಾಗ ನೀವು ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಗಾಡಿ ಹಿಡಿಯುತ್ತೀರಿ. ಗಾಳಿಯ ದಾರಿಯ ಬಾಗಿಲಾದ ಥ್ರಾಟಲ್ ಮುಚ್ಚಿರುತ್ತದೆ, ಮ್ಯಾನಿಫೋಲ್ಡ್ ಬಲವಾಗಿ ಹೀರುತ್ತಿರುತ್ತದೆ. ಈಗ ಪಿಸಿವಿ ದಾರಿ ತೆರೆದುಕೊಂಡು ಮಂಜು ನೇರವಾಗಿ ಮ್ಯಾನಿಫೋಲ್ಡಿಗೆ ಬರುತ್ತದೆ. ಹೆದ್ದಾರಿ 66ರಲ್ಲಿ ಹಗುರವಾಗಿ ಓಡಿಸುವಾಗ, ಕಾರವಾರದ ಪೇಟೆಯಲ್ಲಿ ನಿಂತು ನಿಂತು ಸಾಗುವಾಗ ಕೂಡ ಇದೇ ದಾರಿ.

ಹೀಗಿರುವಾಗ ಒಂದೇ ಪೈಪಿಗೆ ಜೋಡಿಸುವ ಕ್ಯಾನು ಅರ್ಧ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಕಿಟ್‌ಗಳು ಬಹುತೇಕ ಪಿಸಿವಿ ಬದಿಗೆ ಮಾತ್ರ. ಟರ್ಬೊ ಮತ್ತು ಇಂಟರ್‌ಕೂಲರಿಗೆ ಎಣ್ಣೆ ಹೋಗದಿರಲಿ ಎಂದು ಅದನ್ನು ಕೊಂಡರೆ, ಘಟ್ಟ ಹತ್ತುವಾಗ ಅದು ಸುಮ್ಮನೆ ಕುಳಿತಿರುತ್ತದೆ. ಎರಡೂ ದಾರಿಯನ್ನು ಹಿಡಿಯಬೇಕಾದರೆ ಎರಡು ಕ್ಯಾನು ಬೇಕು, ಇಲ್ಲವೇ ಏಕಮುಖ ವಾಲ್ವುಗಳಿರುವ ಮೂರು ಬಾಯಿಯ ಕ್ಯಾನು ಬೇಕು.

ಕ್ಯಾನಿನ ಕೆಲಸ ಗಂಜಿ ಪಾತ್ರೆಯ ಮುಚ್ಚಳದ ಕೆಲಸ. ಬಿಸಿ ಆವಿ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗಿ ಇಳಿಯುತ್ತದೆ. ಒಳಗೆ ಅಡ್ಡ ತಟ್ಟೆಗಳೋ ಉಕ್ಕಿನ ಜಾಳಿಗೆಯೋ ಇದ್ದರೆ ಮಂಜು ಅದಕ್ಕೆ ಬಡಿದು ಅಂಟಿಕೊಳ್ಳುತ್ತದೆ, ಹಗುರವಾದ ಅನಿಲ ಮುಂದೆ ಸಾಗುತ್ತದೆ. ಇದರಲ್ಲಿ ಯಾವ ಮಾಯೆಯೂ ಇಲ್ಲ. ಕಾರು ಕಂಪನಿಯವರೂ ಟ್ಯಾಪೆಟ್ ಕವರಿನ ಒಳಗೋ ಬ್ಲಾಕಿನ ಪಕ್ಕದಲ್ಲೋ ಇಂಥದೇ ಒಂದು ಎಣ್ಣೆ ಬೇರ್ಪಡಿಸುವ ಗೂಡನ್ನು ಇಟ್ಟಿರುತ್ತಾರೆ. ಅದು ಹಿಡಿಯದೆ ಬಿಟ್ಟದ್ದನ್ನು ಹಿಡಿಯಲು ನಾವು ಇನ್ನೊಂದನ್ನು ಇಡುತ್ತಿದ್ದೇವೆ.

ಮೊದಲು ಇಂಜೆಕ್ಟರ್ ಎಲ್ಲಿದೆ ನೋಡಿ

ಹಳೆಯ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಲ್ಲಣ ಕಟ್ಟುವುದನ್ನು ನೋಡಿದ್ದೀರಲ್ಲ? ಎಣ್ಣೆ ಜಿಡ್ಡಿನ ಹೊಗೆ ಬಿಸಿ ಜಾಗಕ್ಕೆ ತಾಗಿ, ಒಣಗಿ, ಮೇಲೆ ಮೇಲೆ ಪದರ ಕೂರುತ್ತದೆ. ಸಿಲಿಂಡರಿಗೆ ಗಾಳಿ ಬಿಡುವ ಇಂಟೇಕ್ ವಾಲ್ವಿನ ಬೆನ್ನಿನಲ್ಲಿ ಆಗುವುದೂ ಅದೇ. ಪೋರ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಪೆಟ್ರೋಲು ವಾಲ್ವಿಗಿಂತ ಹಿಂದೆ ಚಿಮ್ಮುತ್ತದೆ. ಅದರಲ್ಲಿರುವ ಶುಚಿಕಾರಕಗಳು ವಾಲ್ವಿನ ಬೆನ್ನನ್ನು ದಿನವೂ ತೊಳೆಯುತ್ತವೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿನೊಳಗೆ ಬೀಳುತ್ತದೆ. ವಾಲ್ವಿಗೆ ಸ್ನಾನವೇ ಇಲ್ಲ. ಬಂದ ಎಣ್ಣೆ ಮಂಜು ಅಲ್ಲೇ ಸುಟ್ಟು ಗಟ್ಟಿಯಾಗುತ್ತದೆ. ಪದರ ದಪ್ಪವಾದಂತೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಿಸ್ಸಿಂಗ್, ಐಡ್ಲಿಂಗಿನಲ್ಲಿ ನಡುಕ, ಪಿಕಪ್ ಕಡಿಮೆ. ಬಂಡಿಯ ಕಂಪ್ಯೂಟರ್ ಬಹಳ ಕಾಲ ಇದನ್ನು ಸರಿದೂಗಿಸಿಕೊಂಡು ಹೋಗುವುದರಿಂದ ನಮಗೆ ಗೊತ್ತಾಗುವಷ್ಟರಲ್ಲಿ ಪದರ ಚೆನ್ನಾಗಿಯೇ ಬೆಳೆದಿರುತ್ತದೆ.

ನಮ್ಮ ರಸ್ತೆಯಲ್ಲಿ ಕಾಣುವ ಕಾರುಗಳಲ್ಲಿ ಹ್ಯುಂಡೈ ವೆನ್ಯೂ ಮತ್ತು ಕಿಯಾ ಸೋನೆಟ್‌ನ ಒಂದು ಲೀಟರ್ ಟರ್ಬೊ, ಫೋಕ್ಸ್‌ವ್ಯಾಗನ್ ಟೈಗುನ್ ಮತ್ತು ಸ್ಕೋಡಾ ಕುಶಾಕ್‌ನ ಟಿಎಸ್ಐ, ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್ ಇವೆಲ್ಲ ಡೈರೆಕ್ಟ್ ಇಂಜೆಕ್ಷನ್. ಟಾಟಾ ನೆಕ್ಸಾನ್‌ನ 1.2 ರೆವೊಟ್ರಾನ್, ನಿಸ್ಸಾನ್ ಮ್ಯಾಗ್ನೈಟ್ ಮತ್ತು ರೆನೊ ಕೈಗರ್‌ನ ಒಂದು ಲೀಟರ್ ಟರ್ಬೊ ಪೋರ್ಟ್ ಇಂಜೆಕ್ಷನ್. ಮಹೀಂದ್ರ 3ಎಕ್ಸ್‌ಒದಲ್ಲಿ ಎರಡೂ ಬಗೆ ಇವೆ, ಆದ್ದರಿಂದ ಕಾರಿನ ಹೆಸರು ನೋಡಿ ತೀರ್ಮಾನಿಸದೆ ಕೈಪಿಡಿ ತೆರೆಯಿರಿ.

ಪೋರ್ಟ್ ಇಂಜೆಕ್ಷನ್ ಇರುವವರಿಗೆ ನನ್ನ ಉತ್ತರ ಚಿಕ್ಕದು: ಬೇಡ. ವಾಲ್ವನ್ನು ಪೆಟ್ರೋಲು ಹೇಗೂ ತೊಳೆಯುತ್ತಿರುತ್ತದೆ. ಇಂಟರ್‌ಕೂಲರ್ ಪೈಪು ಬಿಚ್ಚಿದರೆ ಒಳಗೆ ಎಣ್ಣೆಯ ತೆಳು ಜಿಡ್ಡು ಕಂಡೇ ಕಾಣುತ್ತದೆ, ಅದು ಎಲ್ಲ ಟರ್ಬೊ ಕಾರಿನಲ್ಲೂ ಇರುವಂಥದು. ಕೈಗೆ ಅಂಟುವಷ್ಟಿದ್ದರೆ ಚಿಂತೆಯಿಲ್ಲ, ಪೈಪು ಓರೆ ಮಾಡಿದಾಗ ಸುರಿಯುವಷ್ಟಿದ್ದರೆ ಮೇಸ್ತ್ರಿಗೆ ತೋರಿಸಿ. ತಮ್ಮ ಕ್ಯಾನಿಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಹೊಸ ಟೈರ್ ಹಾಕಿಸಿದ. ಮಳೆಗಾಲದ ಘಟ್ಟಕ್ಕೆ ಅದೇ ಬುದ್ಧಿವಂತಿಕೆ.

ಡೀಸೆಲಿನ ಕತೆ ಬೇರೆ. ಅಲ್ಲಿ ಮ್ಯಾನಿಫೋಲ್ಡ್ ಹೀರುವುದು ಅಷ್ಟಕ್ಕಷ್ಟೇ, ಬ್ರೀದರ್ ಯಾವಾಗಲೂ ಟರ್ಬೊದ ಬಾಯಿಗೇ ಹೋಗುತ್ತದೆ. ದಾರಿ ಒಂದೇ ಆದ್ದರಿಂದ ಕ್ಯಾನು ಜೋಡಿಸುವುದು ಸುಲಭ. ಆದರೆ ಡೀಸೆಲ್ ಮ್ಯಾನಿಫೋಲ್ಡ್ ಕಟ್ಟಿಕೊಳ್ಳುವುದಕ್ಕೆ ಇಬ್ಬರು ಕಾರಣ: ಒಬ್ಬ ಎಣ್ಣೆ ಮಂಜು, ಇನ್ನೊಬ್ಬ ಇಜಿಆರ್. ಹೊರಗೆ ಹೋಗಬೇಕಾದ ಹೊಗೆಯ ಒಂದು ಪಾಲನ್ನು ಇಜಿಆರ್ ಮತ್ತೆ ಒಳಗೆ ಎಳೆಯುತ್ತದೆ, ಅದರ ಮಸಿ ಎಣ್ಣೆಯೊಂದಿಗೆ ಕಲೆತು ಕರಿ ಮೇಣದಂತಾಗುತ್ತದೆ. ಕ್ಯಾನು ಎಣ್ಣೆಯನ್ನು ತಡೆದರೆ ಮಸಿ ಒಣಗಿಯೇ ಬರುತ್ತದೆ, ಅಂಟುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಆಸ್ಟ್ರೇಲಿಯಾದ ಫೋರ್ ವೀಲ್ ಡ್ರೈವ್ ಡೀಸೆಲ್ ಮಂದಿ ಇದನ್ನು ಬಹಳ ನೆಚ್ಚುತ್ತಾರೆ. ಜರ್ಮನಿಯ ಮಾನ್ ಹುಮ್ಮೆಲ್ ಕಂಪನಿ ಪ್ರೋವೆಂಟ್ ಎಂಬ ಹೆಸರಿನಲ್ಲಿ ಬದಲಿಸಬಹುದಾದ ಫಿಲ್ಟರ್ ಇರುವ ಇಂಥದೇ ಒಂದನ್ನು ಮಾಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಒತ್ತಡ ಹೊರಹೋಗಲು ಅದರಲ್ಲಿ ಸುರಕ್ಷತಾ ವಾಲ್ವ್ ಕೂಡ ಇದೆ.

ಭಾವನವರಿಗೆ ನಾನು ಬೇಡ ಎಂದೆ, ಅದಕ್ಕೆ ಕಾರಣ ಬೇರೆ. ಅವರ ಗಾಡಿ ಸಾವಿರ ಕಿಲೋಮೀಟರಿಗೆ ಕಾಲು ಲೀಟರ್ ಎಣ್ಣೆ ಕುಡಿಯುತ್ತಿತ್ತು. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಒಲೆ ಊದಿದಂತೆ ಹೊಗೆ ಬರುತ್ತಿತ್ತು. ಅದು ರಿಂಗ್ ಸವೆದ ಲಕ್ಷಣ. ಅಂಥ ಎಂಜಿನ್ನಿಗೆ ಕ್ಯಾನು ಹಾಕುವುದು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟಂತೆ. ಅದಕ್ಕಿಂತ ಹೆದರಿಕೆಯ ಮಾತೆಂದರೆ, ತುಂಬಿದ ಕ್ಯಾನು ತಿರುವಿನಲ್ಲಿ ಒಮ್ಮೆಲೇ ಉಕ್ಕಿ ಟರ್ಬೊ ಬಾಯಿಗೆ ಎಣ್ಣೆ ಸುರಿದರೆ ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಉರಿಸಿ ಓಡತೊಡಗಬಹುದು. ಆಗ ಚಾವಿ ತೆಗೆದರೂ ನಿಲ್ಲುವುದಿಲ್ಲ. ಆರೋಗ್ಯವಂತ ಡೀಸೆಲ್ ಇದ್ದು, ತಿಂಗಳಿಗೊಮ್ಮೆ ಬಾನೆಟ್ ಎತ್ತುವ ಅಭ್ಯಾಸವಿದ್ದವರು ಹಾಕಿಸಿಕೊಳ್ಳಲಿ. ಉಳಿದವರು 60,000 ಕಿಲೋಮೀಟರಿನ ಆಸುಪಾಸಿನಲ್ಲಿ ಒಮ್ಮೆ ಮ್ಯಾನಿಫೋಲ್ಡ್ ಬಿಚ್ಚಿಸಿ ನೋಡಲಿ. ಕಟ್ಟಿಕೊಂಡಿದ್ದರೆ ಕೈಯಲ್ಲೇ ಕೆರೆದು ತೊಳೆದು ಕೊಡುವ ಮೇಸ್ತ್ರಿಗಳು ಶಿರಸಿಯಲ್ಲೂ ಇದ್ದಾರೆ.

ಉಳಿದದ್ದು ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್. ಕ್ಯಾನಿನ ಪರವಾಗಿ ನಿಜವಾದ ವಾದವಿರುವುದು ಇಲ್ಲಿ ಮಾತ್ರ. ಇಲ್ಲೂ ಪೂರ್ತಿ ಅಲ್ಲ. ವಾಲ್ವ್ ಗೈಡಿನ ಸೀಲಿನಿಂದ ಇಳಿಯುವ ಎಣ್ಣೆಯನ್ನು ಯಾವ ಕ್ಯಾನೂ ತಡೆಯಲಾರದು. ಹೊರಗಿನ ಪೈಪೇ ಇಲ್ಲದೆ ಪಿಸಿವಿಯನ್ನು ಒಳಗೇ ಅಡಗಿಸಿಟ್ಟ ಎಂಜಿನ್ನುಗಳೂ ಇವೆ, ಅವುಗಳಿಗೆ ಕ್ಯಾನು ಜೋಡಿಸಲು ಹೊರಟರೆ ಅರ್ಧ ಎಂಜಿನ್ ಬಿಚ್ಚಬೇಕಾದೀತು. ಅಂಥವರು ಈ ಆಸೆಯನ್ನು ಇಲ್ಲಿಗೇ ಬಿಡಬಹುದು.

ಕ್ಯಾನಿನ ಎದುರು ಎಣ್ಣೆ, ಎಣ್ಣೆಯ ಎದುರು ಅಕ್ರೋಟು

ಕ್ಯಾನಿಗೆ ನಿಜವಾದ ಪ್ರತಿಸ್ಪರ್ಧಿ ಇನ್ನೊಂದು ಕ್ಯಾನಲ್ಲ, ಒಳ್ಳೆಯ ಎಂಜಿನ್ ಆಯಿಲ್. ಬೇಗ ಆವಿಯಾಗದ ಸಿಂಥೆಟಿಕ್ ಎಣ್ಣೆ ಹಾಕಿದರೆ ಮಂಜು ಹುಟ್ಟುವುದೇ ಕಡಿಮೆ. ಎಣ್ಣೆ ಎಷ್ಟು ಆವಿಯಾಗುತ್ತದೆ ಎಂಬುದನ್ನು ಅಳೆಯಲು ನೋವಾಕ್ ಎಂಬ ಪರೀಕ್ಷೆಯಿದೆ, ಒಳ್ಳೆಯ ಕಂಪನಿಗಳು ತಮ್ಮ ಮಾಹಿತಿ ಪತ್ರದಲ್ಲಿ ಅದರ ಅಂಕಿ ಕೊಟ್ಟಿರುತ್ತವೆ. ಅಂಕಿ ಕಡಿಮೆಯಿದ್ದಷ್ಟು ಒಳ್ಳೆಯದು. ಡಬ್ಬದ ಮೇಲೆ ಎಪಿಐ ಎಸ್‌ಪಿ ಎಂದು ಇದೆಯೇ ನೋಡಿ. 2020ರಲ್ಲಿ ಬಂದ ಈ ದರ್ಜೆಯಲ್ಲಿ ಸಣ್ಣ ಟರ್ಬೊ ಎಂಜಿನ್ನುಗಳ ಒಂದು ವಿಶೇಷ ರೋಗಕ್ಕೆ ಪರೀಕ್ಷೆಯೇ ಇದೆ. ಕಡಿಮೆ ವೇಗದಲ್ಲಿ ಹೆಚ್ಚು ಭಾರ ಎಳೆಯುವಾಗ, ಸಿಲಿಂಡರಿನೊಳಗೆ ಸೇರಿದ ಎಣ್ಣೆಯ ಹನಿ ಕಿಡಿ ಬರುವ ಮೊದಲೇ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯ ಪೆಟ್ಟು ಕೊಡುತ್ತದೆ. ಅರಬೈಲು ಘಟ್ಟದಲ್ಲಿ ಸೋಮಾರಿತನದಿಂದ ನಾಲ್ಕನೇ ಗೇರಿನಲ್ಲೇ ಒತ್ತಿ ಹತ್ತಿಸುವವರು ಈ ರೋಗವನ್ನು ಕರೆದು ತರುತ್ತಾರೆ. ಗೇರು ಇಳಿಸಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಬದಲಿಸುವ ಅವಧಿಯ ಮಾತು ಇನ್ನೂ ಮುಖ್ಯ. ಕಂಪನಿ 10,000 ಎಂದೋ 15,000 ಕಿಲೋಮೀಟರ್ ಎಂದೋ ಹೇಳುತ್ತದೆ. ಅದೇ ಕೈಪಿಡಿಯ ಹಿಂದಿನ ಪುಟಗಳಲ್ಲಿ ಕಠಿಣ ಬಳಕೆಗೆ ಬೇರೆ ಲೆಕ್ಕವಿರುತ್ತದೆ: ಎಂಜಿನ್ ಕಾಯುವ ಮೊದಲೇ ಮುಗಿಯುವ ಸಣ್ಣ ಓಡಾಟ, ಏರು ರಸ್ತೆ, ತೇವ, ದೂಳು. ಮನೆಯಿಂದ ಮೀನು ಮಾರುಕಟ್ಟೆಗೆ, ಅಲ್ಲಿಂದ ಶಾಲೆಗೆ, ಭಾನುವಾರ ಘಟ್ಟ ಹತ್ತಿ ತವರಿಗೆ. ಕರಾವಳಿಯ ಬಹುಪಾಲು ಕಾರುಗಳ ಬದುಕು ಇಷ್ಟೇ, ಕೈಪಿಡಿಯ ಪ್ರಕಾರ ಇದು ಕಠಿಣ ಬಳಕೆಯೇ. ಎಂಜಿನ್ ಚೆನ್ನಾಗಿ ಕಾದರೆ ಮಾತ್ರ ಎಣ್ಣೆಯೊಳಗಿನ ನೀರು ಆವಿಯಾಗಿ ಹೊರಬೀಳುತ್ತದೆ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಬಿಳಿ ಬೆಣ್ಣೆ ಕಂಡರೆ ನಿಮ್ಮ ಓಡಾಟ ತೀರ ಗಿಡ್ಡ ಎಂದು ತಿಳಿಯಿರಿ. ಕೂಲೆಂಟ್ ಕಡಿಮೆಯಾಗುತ್ತಿದೆಯೇ ಎಂದೂ ನೋಡಿಕೊಳ್ಳಿ, ಎರಡೂ ಸೇರಿದರೆ ಅದು ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಎಣ್ಣೆಗೆ ಸೇರುತ್ತಿರುವ ಸುದ್ದಿಯಾಗಿರಬಹುದು. ನಾನು 7,000ಕ್ಕೆ ಎಣ್ಣೆ ಬದಲಿಸುತ್ತೇನೆ. ಇನ್ನೊಂದು ಮಾತು, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟುವಂತೆ ಎಣ್ಣೆ ತುಂಬಿಸಬೇಡಿ. ಹೆಚ್ಚಾದದ್ದನ್ನು ಕ್ರ್ಯಾಂಕ್ ಕಡೆದು ಮಂಜು ಮಾಡುತ್ತದೆ. 'ಇರಲಿ ಸಾರ್, ಸ್ವಲ್ಪ ಜಾಸ್ತಿಯೇ ಇರಲಿ' ಎನ್ನುವ ಧಾರಾಳ ಹುಡುಗರು ಎಲ್ಲ ಗ್ಯಾರೇಜಿನಲ್ಲೂ ಇದ್ದಾರೆ.

ಇಲ್ಲಣ ಕಟ್ಟಿದ ಮೇಲೆ ಕೆರೆಯುವುದು ಇನ್ನೊಂದು ಆಯ್ಕೆ. ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ವಾಲ್ವಿಗೆ ಹೊಡೆದು ಉದುರಿಸುತ್ತಾರೆ. ಲೋಹಕ್ಕಿಂತ ಮೆದು, ಕಾರ್ಬನ್ನಿಗಿಂತ ಗಟ್ಟಿ ಎಂಬುದು ಆ ಚಿಪ್ಪಿನ ಗುಣ. ನಮ್ಮಲ್ಲಿ ಗೇರುಬೀಜದ ಸಿಪ್ಪೆ ರಾಶಿ ರಾಶಿ ಸಿಗುತ್ತದಲ್ಲ, ಅದಾಗದೇ ಎಂದು ಒಬ್ಬರು ನನ್ನನ್ನು ಕೇಳಿದರು. ಗೇರುಬೀಜ ಸುಟ್ಟು ಕೈ ಸುಲಿಸಿಕೊಂಡವರಿಗೆ ಗೊತ್ತು, ಆ ಸಿಪ್ಪೆಯ ತುಂಬ ಎಣ್ಣೆಯೇ! ಅಕ್ರೋಟಿನ ಕೆಲಸಕ್ಕೆ ದೊಡ್ಡ ಊರಿನ ದಾರಿಯನ್ನೇ ಹಿಡಿಯಬೇಕು, ಒಂದು ದಿನ ಗಾಡಿ ಬಿಡಬೇಕು. ಆದರೆ ಇದರಷ್ಟು ಖಚಿತವಾಗಿ ವಾಲ್ವನ್ನು ಬರಿದು ಮಾಡುವ ಉಪಾಯ ಇನ್ನೊಂದಿಲ್ಲ. ಇಂಟೇಕಿಗೆ ಸಿಂಪಡಿಸುವ ಸ್ಪ್ರೇ ಡಬ್ಬಗಳು ಹಸಿ ಜಿಡ್ಡನ್ನು ಕರಗಿಸುತ್ತವೆ, ಸುಟ್ಟು ಕಲ್ಲಾದದ್ದಕ್ಕೆ ಅವು ಸಾಲವು. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಶೀಶೆಗಳಂತೂ ಡೈರೆಕ್ಟ್ ಇಂಜೆಕ್ಷನ್ನಿನ ಇಂಟೇಕ್ ವಾಲ್ವನ್ನು ಮುಟ್ಟುವುದೇ ಇಲ್ಲ, ಪೆಟ್ರೋಲೇ ಆ ದಾರಿಯಲ್ಲಿ ಹೋಗುವುದಿಲ್ಲವಲ್ಲ!

ಕ್ಯಾನಿನಲ್ಲೂ ಎರಡು ಜಾತಿ. ಅನಿಲವನ್ನು ಮತ್ತೆ ಎಂಜಿನ್ನಿಗೆ ಮರಳಿಸುವುದು ಒಂದು. ತಲೆಯ ಮೇಲೆ ಪುಟ್ಟ ಫಿಲ್ಟರ್ ಇಟ್ಟುಕೊಂಡು ಹೊರಗೇ ಬಿಡುವುದು ಇನ್ನೊಂದು. ಎರಡನೆಯದನ್ನು ಮನೆಯ ಕಾರಿಗೆ ಯೋಚಿಸಲೂ ಬೇಡಿ. ಎಸಿಯ ಗಾಳಿಯೊಂದಿಗೆ ಸುಟ್ಟ ಎಣ್ಣೆಯ ವಾಸನೆ ಒಳಗೆ ಬರುತ್ತದೆ. ಪೆಟ್ರೋಲ್ ಕಾರುಗಳ ಕ್ರ್ಯಾಂಕ್‌ಕೇಸಿನ, ಅಂದರೆ ಆಯಿಲ್ ಚೇಂಬರಿನ, ಅನಿಲ ಹೊರಗೆ ಹೋಗಲೇಬಾರದು ಎಂದು ಭಾರತ್ ಸ್ಟೇಜ್ ಮಾಲಿನ್ಯ ನಿಯಮವೇ ಹೇಳುತ್ತದೆ. ಹಿಡಿದ ಎಣ್ಣೆಯನ್ನು ತಾನಾಗಿಯೇ ಎಂಜಿನ್ನಿಗೆ ಇಳಿಸುವ ಸೆಪರೇಟರ್ ಎಂಬ ದುಬಾರಿ ಬಗೆಯೂ ಉಂಟು. ಬಸಿಯುವ ತಾಪತ್ರಯ ಅದಕ್ಕಿಲ್ಲ, ಆದರೆ ನನ್ನ ಉಪ್ಪಿನಕಾಯಿ ಬಾಟಲಿಯ ಮೂರು ಬೆರಳು ನೀರನ್ನು ನೋಡಿದ ಮೇಲೆ ಅದೆಲ್ಲ ಮತ್ತೆ ಚೇಂಬರಿಗೆ ಇಳಿಯುವುದು ನನಗೆ ಒಪ್ಪಿಗೆಯಾಗಲಿಲ್ಲ.

ದೇವಿಮನೆಯಲ್ಲಿ ಬುಸ್ಸೆಂದದ್ದು

ನಾನು ಮೊದಲು ಕೊಂಡದ್ದು 1,800 ರೂಪಾಯಿಯ ನೀಲಿ ಬಣ್ಣದ ಚಂದದ ಡಬ್ಬಿ. ಜೊತೆಗೆ ಪೈಪು, ಕ್ಲಾಂಪು ಎಲ್ಲ ಬಂದಿತ್ತು. ಒಂದು ಶನಿವಾರ ನಾನೇ ಕೂತು ಜೋಡಿಸಿದೆ. ಮೂರು ತಿಂಗಳ ಮೇಲೆ ದೇವಿಮನೆ ಹತ್ತುವಾಗ ಬಾನೆಟ್ಟಿನೊಳಗೆ ಹಾವು ಬುಸುಗುಟ್ಟಿದ ಸದ್ದು. ಗಾಡಿ ಎಳೆಯುತ್ತಿಲ್ಲ. ಬದಿಗೆ ನಿಲ್ಲಿಸಿದರೆ ಐಡ್ಲಿಂಗ್ ಏರುತ್ತದೆ, ಇಳಿಯುತ್ತದೆ, ಎಂಜಿನ್ ದೀಪ ಹೊತ್ತಿದೆ. ಹೇಗೋ ಹಿಂದಿರುಗಿ ಕುಮಟಾದ ಮೇಸ್ತ್ರಿಯ ಬಳಿಗೆ ಹೋದೆ. ಅವರು ಟಾರ್ಚ್ ಹಿಡಿದು ಎರಡು ನಿಮಿಷ ನೋಡಿ, ಕ್ಯಾನಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಪೈಪನ್ನು ಎರಡು ಬೆರಳಿನಲ್ಲಿ ಹಿಂಡಿದರು. ಕ್ಲಾಂಪಿನ ಬುಡದಲ್ಲಿ ಅದು ಬಾಯಿ ಬಿಟ್ಟಿತು.

"ಸಾರ್, ಇದು ಗಿಡಕ್ಕೆ ನೀರು ಬಿಡುವ ಪೈಪು. ಗಾಡಿಗೆ ಯಾರು ಹಾಕಿದ್ದು?"

"ನಾನೇ."

ಮೇಸ್ತ್ರಿ ಮತ್ತೇನೂ ಹೇಳಲಿಲ್ಲ. ಹತ್ತುವಾಗ ಟರ್ಬೊ ಒತ್ತಿದ ಗಾಳಿ ಆ ಬಿರುಕಿನಿಂದ ಹೊರಗೆ ಹೋಗುತ್ತಿತ್ತು, ನಿಂತಾಗ ಅದೇ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿತ್ತು. ಡಬ್ಬಿಯನ್ನೂ ಬಿಚ್ಚಿ ತೋರಿಸಿದರು. ಒಳಗೆ ಅಡ್ಡ ತಟ್ಟೆಯಿಲ್ಲ, ಜಾಳಿಗೆಯಿಲ್ಲ, ಖಾಲಿ ಡಬ್ಬಿಗೆ ಎರಡು ತೂತು. ಮಂಜು ಒಂದು ತೂತಿನಿಂದ ಬಂದು ಇನ್ನೊಂದರಿಂದ ಹೊರಡುತ್ತಿತ್ತು. ತಳದಲ್ಲಿ ಎರಡು ಚಮಚ ಎಣ್ಣೆಯಿತ್ತು, ಅಷ್ಟಕ್ಕೇ ನಾನು ಬೀಗಿದ್ದೆ.

ಎರಡನೆಯದಕ್ಕೆ 9,000 ರೂಪಾಯಿಯ ಆಸುಪಾಸು ಹೋಯಿತು. ಒಳಗಿನ ಜಾಳಿಗೆಯನ್ನು ಬಿಚ್ಚಿ ತೊಳೆಯಬಹುದು, ಎರಡೂ ದಾರಿಗೆ ಏಕಮುಖ ವಾಲ್ವುಗಳಿವೆ, ತಳದಲ್ಲಿ ಬಸಿಯುವ ನಲ್ಲಿ ಇದೆ. ಕೊಳ್ಳುವಾಗ ಮುಚ್ಚಳ ತೆಗೆದು ನೋಡಲು ಬಿಡದ ಕ್ಯಾನನ್ನು ಕೊಳ್ಳಬೇಡಿ. ಪೈಪು ಎಣ್ಣೆ ಮತ್ತು ಪೆಟ್ರೋಲ್ ಆವಿಯನ್ನು ತಡೆಯುವ ನೈಟ್ರೈಲ್ ರಬ್ಬರಿನದಾಗಿರಲಿ, ಕಂಪನಿಯ ಪೈಪಿನಷ್ಟೇ ಅಗಲವಿರಲಿ. ಬಣ್ಣಬಣ್ಣದ ಸಾದಾ ಸಿಲಿಕಾನ್ ಪೈಪು ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಕ್ಯಾನು ಟರ್ಬೊದ ಬಿಸಿಯಿಂದ ದೂರ, ಮುಂಭಾಗದ ತಂಪಿನಲ್ಲಿ ಕೂರಲಿ. ಪೈಪು ನಡುವೆ ಜೋತುಬಿದ್ದರೆ ಆ ಹಳ್ಳದಲ್ಲೇ ನೀರು ನಿಂತು ದಾರಿ ಕಟ್ಟುತ್ತದೆ.

ದಾರಿ ಕಟ್ಟುವುದು ಸಣ್ಣ ವಿಷಯವಲ್ಲ, ಟರ್ಬೊ ಕಾರಿನಲ್ಲಂತೂ ಅಲ್ಲವೇ ಅಲ್ಲ. ಟರ್ಬೊದ ಬೇರಿಂಗಿಗೆ ಹೋದ ಎಣ್ಣೆ ತನ್ನ ಭಾರದಿಂದಲೇ ಕೆಳಗಿಳಿದು ಚೇಂಬರಿಗೆ ಮರಳಬೇಕು. ಬ್ರೀದರ್ ಕಟ್ಟಿ ಚೇಂಬರಿನಲ್ಲಿ ಒತ್ತಡ ಏರಿದರೆ ಆ ಎಣ್ಣೆ ಇಳಿಯಲಾರದೆ ಟರ್ಬೊ ಸೀಲಿನಿಂದ ಸೋರುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಟರ್ಬೊ ಉಳಿಸಲೆಂದು ಹಾಕಿದ ಡಬ್ಬಿಯೇ ಟರ್ಬೊ ತಿನ್ನುವುದು ಹೀಗೆ. ಕ್ರ್ಯಾಂಕಿನ ಸೀಲುಗಳೂ ಸಾಲಾಗಿ ಬಾಯಿ ಬಿಡುತ್ತವೆ.

ಕಡಲ ಬದಿಯವರಿಗೆ ಇನ್ನೆರಡು ಕಾಟಗಳಿವೆ. ಉಪ್ಪುಗಾಳಿಗೆ ಕಬ್ಬಿಣದ ಕ್ಲಾಂಪು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿ ಪಡೆಯಿರಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಹುಡುಕಿ ಬರುವ ಇಲಿಗೆ ಹೊಸ ರಬ್ಬರ್ ಪೈಪೆಂದರೆ ಪ್ರೀತಿ. ಇದಕ್ಕೆ ನನ್ನ ಬಳಿ ಮದ್ದಿಲ್ಲ. ಬೆಕ್ಕು ಸಾಕಿದ್ದೇವೆ, ಅದು ಕಾರಿನ ಮೇಲೆಯೇ ಮಲಗುತ್ತದೆ.

ಬಸಿಯುವ ಲೆಕ್ಕ: ಬೇಸಿಗೆಯಲ್ಲಿ ನಾನು 2,500 ಕಿಲೋಮೀಟರಿಗೊಮ್ಮೆ ನಲ್ಲಿ ತಿರುಗಿಸುತ್ತೇನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾವಿರಕ್ಕೊಮ್ಮೆ. ಬಸಿದದ್ದರಲ್ಲಿ ನೀರು, ಪೆಟ್ರೋಲು, ಆಮ್ಲ ಎಲ್ಲ ಸೇರಿರುತ್ತದೆ. ಎಣ್ಣೆಯಲ್ಲವೇ ಎಂದು ಮತ್ತೆ ಎಂಜಿನ್ನಿಗೆ ಸುರಿಯಬಾರದು, ಗಟಾರಕ್ಕೂ ಬಿಡಬಾರದು, ನಮ್ಮ ಗಟಾರಗಳೆಲ್ಲ ಕಡಲಿಗೇ ಹೋಗುತ್ತವೆ. ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿನ ಬ್ಯಾರೆಲ್ಲಿಗೆ ಕೊಡಿ. ಒಮ್ಮೆಲೇ ಬರಿಯ ಕಪ್ಪೆಣ್ಣೆ ಕ್ಯಾನಿನ ತುಂಬ ಬಂದರೆ ಪಿಸಿವಿ ವಾಲ್ವ್ ಕೆಟ್ಟಿರಬಹುದು, ರಿಂಗ್ ಸವೆದಿರಬಹುದು, ಪರೀಕ್ಷೆ ಮಾಡಿಸಿ.

ವಾರಂಟಿ ಇನ್ನೂ ಇದ್ದರೆ ಯಾವ ಕ್ಯಾನನ್ನೂ ಹಾಕಿಸಬೇಡಿ. ಮುಂದೆ ಟರ್ಬೊಗೆ ಏನೇ ಆದರೂ ಸರ್ವಿಸ್ ಸೆಂಟರಿನವರ ಬೆರಳು ಮೊದಲು ಹೋಗುವುದು ಆ ಡಬ್ಬಿಯ ಕಡೆಗೇ. ಅಲ್ಲಿಯವರೆಗೆ ಒಳ್ಳೆಯ ಎಣ್ಣೆ, ಬೇಗನೆ ಬದಲು, ಘಟ್ಟದಲ್ಲಿ ಕೆಳಗಿನ ಗೇರು, ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಎಂಜಿನ್ ಚೆನ್ನಾಗಿ ಕಾಯುವಂಥ ಓಟ. ವಾರಂಟಿ ಮುಗಿದ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರನ್ನು ಇನ್ನೂ ಆರೇಳು ವರ್ಷ ಇಟ್ಟುಕೊಳ್ಳುವವರು ಮೊದಲು ವಾಲ್ವಿಗೆ ಕ್ಯಾಮೆರಾ ಇಳಿಸಿ ನೋಡಿ, ಕಟ್ಟಿದ್ದರೆ ಅಕ್ರೋಟಿನಲ್ಲಿ ಉದುರಿಸಿ, ಆಮೇಲೆ ಕ್ಯಾನು ಹಾಕಿಸಲಿ. ಕಟ್ಟಿದ ಪದರವನ್ನು ಕ್ಯಾನು ತೆಗೆಯುವುದಿಲ್ಲ. ಎರಡು ಮೂರು ವರ್ಷದಲ್ಲಿ ಮಾರುವವರು ಆ 9,000ವನ್ನು ಜೇಬಿನಲ್ಲೇ ಇಟ್ಟುಕೊಳ್ಳಲಿ. ಬಾನೆಟ್ ಎತ್ತುವ ಅಭ್ಯಾಸವೇ ಇಲ್ಲದವರೂ ಅಷ್ಟೇ.

ಭಾವನವರು ಕೊನೆಗೆ ರಿಂಗ್ ಬದಲಿಸಿದರು. ಕ್ಯಾನಿನ ಮಾತು ಅವರಿಗೆ ಈಗ ಮರೆತೇಹೋಗಿದೆ. ಆ ನೀಲಿ ಡಬ್ಬಿಯನ್ನು ಮಾತ್ರ ಕೇಳಿ ಪಡೆದು, ತೋಟದ ಪಂಪಿನ ಮನೆಯಲ್ಲಿ ಗ್ರೀಸ್ ಇಡಲು ಬಳಸುತ್ತಿದ್ದಾರೆ.